ಯರ್ರೆಪ್ಪನ ಐದೂ ಇಪ್ಪತ್ತರ ಟಂಟಂ

ತಂಬ್ರಹಳ್ಳಿಯಲ್ಲಿ ಸೂರ್ಯ ತನ್ನಷ್ಟಕ್ಕೆ ತಾನೇ ಹುಟ್ಟುತ್ತಾನೆ ಎಂದು ನಂಬಿದವರು ಆ ಊರಿಗೆ ಹೊಸಬರು. ಸೋಮವಾರ, ಬುಧವಾರ, ಶುಕ್ರವಾರ ಬೆಳಗಿನ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ಯರ್ರೆಪ್ಪನ ಮೂರು ಗಾಲಿಯ ಬಾಡಿಗೆ ಗಾಡಿ, ಟಂಟಂ, ಬಸ್ ಸ್ಟ್ಯಾಂಡಿನ ಬೇವಿನ ಮರದ ಬುಡದಿಂದ ಗುರ್ ಎಂದು ಹೊರಡುತ್ತದೆ. ಆ ಸದ್ದು ಕೇಳಿದ ಮೇಲೆ ಹುಂಜಗಳು ಕೂಗುತ್ತವೆ. ಹುಂಜಗಳು ಕೂಗಿದ ಮೇಲೆ ಸೂರ್ಯ ಕಣ್ಣುಜ್ಜಿಕೊಂಡು ಏಳುತ್ತಾನೆ. ಊರಿನ ಹೆಡ್‌ಮಾಸ್ತರರು ತಮ್ಮ ಕೈಗಡಿಯಾರವನ್ನು ಮೊಬೈಲು ನೋಡಿ ಸರಿಮಾಡಿಕೊಳ್ಳುವುದಿಲ್ಲ, ಯರ್ರೆಪ್ಪನ ಹೊಗೆ ನೋಡಿ ಸರಿಮಾಡಿಕೊಳ್ಳುತ್ತಾರೆ.

ಒಮ್ಮೆ ಪಂಚಾಯಿತಿಯ ಮಾಜಿ ಸದಸ್ಯರೊಬ್ಬರು ಒಂದು ಕಾಲನ್ನು ಟಂಟಂನಲ್ಲೂ ಇನ್ನೊಂದನ್ನು ನೆಲದ ಮೇಲೂ ಇಟ್ಟುಕೊಂಡು ಫೋನಿನಲ್ಲಿ ಯಾರಿಗೋ "ಬಂದೆ ಬಂದೆ" ಅನ್ನುತ್ತಿದ್ದರು. ಅಷ್ಟರಲ್ಲಿ ಐದೂ ಇಪ್ಪತ್ತಾಯಿತು. ಟಂಟಂ ಹೊರಟಿತು. ಮಾಜಿ ಸದಸ್ಯರ ಎಡಗಾಲಿನ ಚಪ್ಪಲಿ ಒಂದೇ ಹಗರಿಬೊಮ್ಮನಹಳ್ಳಿಗೆ ಹೋಗಿ, ಪೇಟೆ ನೋಡಿಕೊಂಡು, ಮಧ್ಯಾಹ್ನ ಮರಳಿ ಬಂದು ಒಡೆಯರನ್ನು ಸೇರಿತು. ಇನ್ನೊಮ್ಮೆ ಮದುಮಗನೊಬ್ಬ ಪೇಟ ಸುತ್ತಿಸಿಕೊಳ್ಳುವುದರಲ್ಲಿ ಎರಡು ನಿಮಿಷ ತಡಮಾಡಿದ. ಪಾಪ, ಹಾಲಿನವನ ಮೊಪೆಡ್ಡಿನ ಹಿಂದೆ, ಎರಡು ಕ್ಯಾನುಗಳ ನಡುವೆ ಮೂರನೆಯ ಕ್ಯಾನಾಗಿ ಕೂತು ಮುಹೂರ್ತಕ್ಕೆ ಹೋದ. ಇಂದಿಗೂ ಅವನ ಹೆಂಡತಿಗೆ ಮದುವೆಯ ಫೋಟೋ ನೋಡಿದಾಗ ಹಾಲಿನ ವಾಸನೆ ಬರುತ್ತದಂತೆ.

ವಿಚಿತ್ರವೆಂದರೆ, ಮಂಗಳವಾರ ಮತ್ತು ಗುರುವಾರ ಈ ಕಾಲಪುರುಷ ನಮ್ಮ ನಿಮ್ಮಂಥ ನರಮನುಷ್ಯ. ಏಳಕ್ಕೆ ಎಂದರೆ ಎಂಟೂವರೆಗೆ ಬರುತ್ತಾನೆ. ಚಹಾ ಕುಡಿಯುತ್ತಾನೆ, ಬೀಡಿ ಹಚ್ಚುತ್ತಾನೆ, "ಇನ್ನೊಂದ್ ಸೀಟು ಬರ್ಲಿ ತಡೀರಿ" ಅನ್ನುತ್ತಾನೆ. ಹಾಗಾದರೆ ಆ ಮೂರು ದಿನ ಮಾತ್ರ ಅವನ ಮೈಮೇಲೆ ಯಾವ ದೇವರು ಬರುತ್ತಿತ್ತು?

ಆ ದೇವರ ತೂಕ ನಲವತ್ತೆಂಟು ಕೆಜಿ, ಹೆಸರು ಭರಮಮ್ಮ. ಯರ್ರೆಪ್ಪನ ಹೆಂಡತಿ. ಅವಳ ಎರಡೂ ಕಿಡ್ನಿಗಳು ಮೂರು ವರ್ಷದ ಹಿಂದೆ ಕೆಲಸ ಬಿಟ್ಟಿದ್ದವು. ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಯಲ್ಲಿ ರಕ್ತ ತೊಳೆಯುವ ಮಿಷನ್ನಿಗೆ ವಾರದಲ್ಲಿ ಮೂರು ದಿನ, ದಿನಕ್ಕೆ ನಾಲ್ಕು ತಾಸು ಅವಳು ಮೈ ಒಡ್ಡಬೇಕಾಗಿತ್ತು. ಅವಳ ಪಾಳಿ ಬೆಳಗಿನ ಮೊದಲನೆಯದು, ಆರೂವರೆಗೆ. ತಡವಾದರೆ ಆ ಹಾಸಿಗೆ ಕಾದು ನಿಂತ ಮುಂದಿನವರಿಗೆ ಹೋಗುತ್ತದೆ. ಹೋದರೆ ಭರಮಮ್ಮನ ಮೈಯಲ್ಲಿ ನೀರು ತುಂಬುತ್ತದೆ, ಎದೆಗೆ ಏರುತ್ತದೆ, ಉಸಿರು ಸಿಗುವುದಿಲ್ಲ. ಲೆಕ್ಕ ಅಷ್ಟೇ. ಟಂಟಂ ಟೈಮಿಗೆ ಹೊರಟರೆ ಹೆಂಡತಿ ಇರುತ್ತಾಳೆ, ಇಲ್ಲದಿದ್ದರೆ ಇರುವುದಿಲ್ಲ.

ಅದಕ್ಕೆ ಮೊದಲು ಯರ್ರೆಪ್ಪ ನಲವತ್ತು ವರ್ಷ ಕುರಿ ಕಾದವನು. ಕಾದವನು ಎಂದರೆ ಸಾಲದು, ಆಳಿದವನು ಎನ್ನಬೇಕು. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಕೋಲು, ಹಿಂದೆ ಇನ್ನೂರು ಕುರಿಗಳ ಸೈನ್ಯ. ಕೂಡ್ಲಿಗಿಯ ಬೀಳುಗಳಿಂದ ಹಡಗಲಿಯ ಹೊಳೆದಂಡೆಯವರೆಗೆ ಅವನ ಸಾಮ್ರಾಜ್ಯ. ಗಡಿ ದಾಟಿದಾಗ ಯಾರದೋ ಜೋಳದ ಹೊಲಕ್ಕೆ ಸೈನ್ಯ ನುಗ್ಗಿ, ಚಕ್ರವರ್ತಿಗಳು ಬೈಸಿಕೊಂಡು ಓಡಿದ್ದೂ ಉಂಟು. ಆದರೆ ಎಲ್ಲಿ ಹುಲ್ಲಿದೆ, ಯಾವ ಹಳ್ಳದ ಮರಳು ಕೆದರಿದರೆ ನೀರು ಸಿಗುತ್ತದೆ ಎಂಬ ವಿಚಾರದಲ್ಲಿ ಅವನನ್ನು ಸರಿಗಟ್ಟುವವರು ಐದು ತಾಲೂಕಿನಲ್ಲಿ ಇರಲಿಲ್ಲ. ಬಾಯಾರಿದ ಕುರಿಯ ಕಣ್ಣು ಅವನಿಗೆ ನೂರು ಮಾರು ದೂರದಿಂದ ಕಾಣುತ್ತಿತ್ತು.

ಇಂಥವನು ಟಂಟಂ ಮಾಲೀಕನಾದದ್ದು ಒಂದು ಬುಧವಾರದಿಂದ. ಆಗ ಗಂಡ ಹೆಂಡತಿ ಸಿಕ್ಕ ಸಿಕ್ಕ ಗಾಡಿ ಹತ್ತಿ ಆಸ್ಪತ್ರೆಗೆ ಹೋಗುತ್ತಿದ್ದರು. ಆ ಬುಧವಾರ ಬರುತ್ತೇನೆಂದ ಗಾಡಿಯವನು ಮಲಗಿಬಿಟ್ಟ. ಇವರು ಹೋಗುವ ಹೊತ್ತಿಗೆ ಪಾಳಿ ಮುಗಿದಿತ್ತು. ಗುರುವಾರವಿಡೀ ಭರಮಮ್ಮ ಗೋಡೆಗೆ ಒರಗಿ ಕೂತೇ ಇದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ತೋಳನಿಗೆ ಹೆದರಿ ಓಡಿ ಬಂದ ಕುರಿಯ ಪಕ್ಕೆಗಳಂತೆ ಅವಳ ಪಕ್ಕೆಗಳು ಏರಿಳಿಯುವುದನ್ನು ಯರ್ರೆಪ್ಪ ಎದುರಿಗೆ ಕೂತು ನೋಡಿದ. ಶುಕ್ರವಾರ ಅವಳನ್ನು ಮಿಷನ್ನಿಗೆ ಹಚ್ಚಿಸಿ ಬಂದವನೇ ಅವಳ ತಮ್ಮ ಬೀರಲಿಂಗೇಶನನ್ನು ಕರೆಸಿದ.

"ಹಿಂಡು ನೀ ತಗೋ."

"ಹುಚ್ಚು ಹಿಡದೈತೇನ್ ಮಾವ? ಕುರಿ ಮಾರಿ ಏನ್ ಮಾಡ್ತಿ?"

"ಟಂಟಂ ತಗೋತೀನಿ. ಸೀಟು ಹೊಡೀತೀನಿ."

"ಟಂಟಂ ಏನ್ ಮರಿ ಹಾಕ್ತೈತೇನು?"

"ಹಾಕಂಗಿಲ್ಲ. ಆದ್ರ ಐದೂ ಇಪ್ಪತ್ತಕ್ಕ ಹೊರಡು ಅಂದ್ರ ಹೊರಡ್ತೈತಿ. ಕುರಿಗೆ ಹೇಳಿ ನೋಡು."

ದೇವರ ಹೆಸರಿನಲ್ಲಿ ಬಿಟ್ಟ ಟಗರೊಂದನ್ನು ಮಾತ್ರ ಮಾರುವಂತಿರಲಿಲ್ಲ. ಅದು ಹಿಂಡಿನ ಜೊತೆ ಹಾಗೆಯೇ ಹೋಯಿತು. ಊರ ಹೊರಗಿನ ತಿರುವಿನವರೆಗೆ ಹೋದ ಕುರಿಗಳು ನಿಂತು, ಹೊಸ ಒಡೆಯನ ಕೂಗಿಗೆ ಕಿವಿಗೊಡದೆ, ಹಿಂತಿರುಗಿ ಹಳೆಯ ಒಡೆಯನನ್ನು ನೋಡಿದವು. ಯರ್ರೆಪ್ಪ ಅಳಲಿಲ್ಲ. ಚಕ್ರವರ್ತಿಗಳು ಅಳುವುದುಂಟೆ? ಬೀಡಿ ಹಚ್ಚಿದ, ಅಷ್ಟೇ. ಬಾಯಲ್ಲಿ ಇಡಬೇಕಾದ ತುದಿಗೆ ಬೆಂಕಿ ಹಚ್ಚಿದ್ದ.

ಐವತ್ತಮೂರನೆಯ ವಯಸ್ಸಿನಲ್ಲಿ ಅವನು ಗಾಡಿ ಕಲಿತ ಕಥೆ ತಂಬ್ರಹಳ್ಳಿಯ ಕಟ್ಟೆಗಳಲ್ಲಿ ಇನ್ನೂ ಓಡುತ್ತಿದೆ. ಎದುರಿಗೆ ಬಣವೆ ಬಂತು. ಬ್ರೇಕು ಒತ್ತುವುದು ಬಿಟ್ಟು ಯರ್ರೆಪ್ಪ ನಾಲಿಗೆ ಹೊರಳಿಸಿ "ಟ್ರ್ರ್ರ್ ಹಾ" ಎಂದ. ಇನ್ನೂರು ಕುರಿ ಕೇಳುತ್ತಿದ್ದ ಆ ಮಾತನ್ನು ಮೂರು ಗಾಲಿಯ ಗಾಡಿ ಕೇಳಲಿಲ್ಲ, ಬಣವೆಯೊಳಗೆ ಹೋಗಿ ಮೇಯತೊಡಗಿತು. ಲೈಸೆನ್ಸಿನ ಪರೀಕ್ಷೆಯಲ್ಲಿ ಸಾಹೇಬರು, "ಬ್ರೇಕ್ ಎಲ್ಲಿದೆಯಪ್ಪ?" ಎಂದು ಕೇಳಿದರಂತೆ. "ಕಾಲಾಗ ಐತ್ರಿ. ಆದ್ರ ಬಾಯಾಗ ಬರ್ತೈತ್ರಿ" ಎಂದನಂತೆ. ಎರಡನೆಯ ಸಲಕ್ಕೆ ಪಾಸಾದ. ಮಧ್ಯಾಹ್ನ ಬಿಸಿಲಿನಲ್ಲಿ ಗಾಡಿಯನ್ನು ನೆರಳಿಗೇ ನಿಲ್ಲಿಸಬೇಕು, ನಿಲ್ಲಿಸಿದ ಮೇಲೆ ಅದರ ಬೆನ್ನು ಒಮ್ಮೆ ತಟ್ಟಬೇಕು ಎಂಬ ನಿಯಮಗಳನ್ನು ಯಾವ ಸಾಹೇಬರೂ ಅವನಿಗೆ ಹೇಳಿಕೊಟ್ಟದ್ದಲ್ಲ.

ಹೆಂಡತಿಗೆಂದು ತಂದ ಗಾಡಿಗೆ ಅದೇ ಕಾಯಿಲೆಯ ಇನ್ನಿಬ್ಬರು ತಾವಾಗಿಯೇ ಬಂದು ಸೇರಿದರು. ಒಬ್ಬರು ಬಟ್ಟೆ ಅಂಗಡಿಯ ಗುರುಬಸವರಾಜ. ಅರವತ್ತು ದಾಟಿದವರು, ಮಾತು ಶುರುಮಾಡಿದರೆ ಥಾನು ಬಿಚ್ಚಿದಂತೆ, ಮುಗಿಯುವುದಿಲ್ಲ. ಇನ್ನೊಬ್ಬರು ಹಿಟ್ಟಿನ ಗಿರಣಿಯ ಅನ್ನದಾನಮ್ಮ. ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಬೆಳೆದು, ಅವರು ಆಸ್ಪತ್ರೆಯಲ್ಲಿ ಪಿಸುಗುಟ್ಟಿದರೂ ಹೊರಗಿನ ಚಹದಂಗಡಿಯವನು "ಯಾಕ್ರಿ?" ಅನ್ನುತ್ತಿದ್ದ. ಉಳಿದ ಸೀಟುಗಳಲ್ಲಿ ಪೇಟೆಗೆ ಕೂಲಿಗೆ ಹೋಗುವವರು, ತರಕಾರಿ ತರುವವರು. ಹೀಗೆ ಕುರಿ ಕಾಯುವವನ ಹೊಸ ವ್ಯಾಪಾರ ಕುದುರಿತು.

ಈ ಕಾಯಿಲೆಯವರ ದೊಡ್ಡ ಶತ್ರು ನೀರು. ಕುಡಿದದ್ದು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ಕೂರುತ್ತದೆ. ಅದಕ್ಕೇ ಮಿಷನ್ನಿಗೆ ಹಚ್ಚುವ ಮೊದಲು ತಕ್ಕಡಿಯ ಮೇಲೆ ನಿಲ್ಲಿಸಿ, ಹೋದ ಸಲಕ್ಕಿಂತ ಎಷ್ಟು ತೂಕ ಏರಿದೆ ಎಂದು ನೋಡುತ್ತಾರೆ. ಅಲ್ಲಿಯ ತಕ್ಕಡಿಗಿಂತ ಮೊದಲೇ ಯರ್ರೆಪ್ಪ ತೀರ್ಪು ಕೊಡುತ್ತಿದ್ದ. ಟಗರಿನ ಸೊಂಟ ಎತ್ತಿ ಹಿಡಿದು ತೂಕ ಹೇಳಿದ ಕೈಗಳು ಅವು. ಈಗ ಸೀಟಿನಲ್ಲಿ ಮಂದಿ ಕೂತಾಗ ಗಾಡಿ ಎಷ್ಟು ಕುಸಿಯಿತು ಎಂಬುದನ್ನು ಬೆನ್ನಿನಲ್ಲೇ ಅಳೆಯುತ್ತಿದ್ದ.

"ಅನ್ನದಾನವ್ವ, ಎರಡು ಕೆಜಿ ಮ್ಯಾಲೈತಿ. ನಿನ್ನಿ ಏನ್ ಕುಡುದ್ರಿ?"

"ಥೂ ನಿನ್ನ, ನಾನೇನ್ ನಿನ್ನ ಹಿಂಡಿನ ಕುರಿ ಏನೋ? ಒಂದ್ ಕಪ್ ಚಾ ಕುಡ್ದೀನಪ."

"ಕಪ್ಪಲ್ಲ, ಕೆಟ್ಲು."

"ಹೌದೌದು, ಕೆಟ್ಲು," ಎಂದು ಗುರುಬಸವರಾಜ ನಕ್ಕರು.

"ನೀವು ನಗಬ್ಯಾಡ್ರಿ ಸಾವ್ಕಾರ್ರ. ಒಂದೂ ಮುಕ್ಕಾಲು. ಮಜ್ಜಿಗಿ."

"ಲೇ, ನಮ್ಮ ಮನ್ಯಾಗ ಹೇಳಿಗೀಳಿಯೋ ಮತ್ತ!"

ಆಸ್ಪತ್ರೆಯಲ್ಲಿ ತಕ್ಕಡಿಯ ಮುಳ್ಳು ಯರ್ರೆಪ್ಪ ಹೇಳಿದಲ್ಲಿಗೇ ಬಂದು ನಿಲ್ಲುತ್ತಿತ್ತು. ಮಿಷನ್ನು ನೋಡಿಕೊಳ್ಳುವ ಹುಡುಗಿ ಶೃತಿ, "ತಕ್ಕಡಿ ಕೆಟ್ರ ನಿಮ್ಮನ್ನೇ ಇಲ್ಲಿ ಕೂರಿಸ್ಕೋತೀವಿ ಯಜಮಾನ್ರೆ" ಎಂದು ನಗುತ್ತಿದ್ದಳು.

ಭರಮಮ್ಮನ ತೂಕ ಮಾತ್ರ ಯಾವತ್ತೂ ಒಂದೂಕಾಲು ಕೆಜಿಗಿಂತ ಹೆಚ್ಚು ಏರಲಿಲ್ಲ. ಆಸ್ಪತ್ರೆಯಲ್ಲೇ ಅದು ದಾಖಲೆ. ಅದರ ಹಿಂದೆ ಒಂದು ಗಾಜಿನ ಬಾಟಲಿ ಇತ್ತು, ಅರ್ಧ ಲೀಟರಿನದು. ಮೊದಲ ದಿನ ಶೃತಿ ಚೀಟಿ ಹಿಡಿದು ಒಂದು ದೊಡ್ಡ ಪಟ್ಟಿಯನ್ನೇ ಓದಿದ್ದಳು. ದಿನಕ್ಕೆ ಅರ್ಧ ಲೀಟರ್ ನೀರು. ಬಾಳೆಹಣ್ಣು ಬೇಡ, ಎಳನೀರು ಬೇಡ, ಹಣ್ಣಿನ ರಸ ಬೇಡ, ಉಪ್ಪಿನಕಾಯಿ ಬೇಡ, ಹಪ್ಪಳ ಬೇಡ, ಇನ್ನೂ ಏನೇನೋ. ಓದು ಬರಹ ಬಾರದ ಯರ್ರೆಪ್ಪ ಆ ಮಹಾಶಾಸ್ತ್ರವನ್ನೆಲ್ಲ ತಲೆಯಲ್ಲಿ ಸೋಸಿ ಒಂದೇ ಸೂತ್ರಕ್ಕೆ ಇಳಿಸಿದ: ಇವಳಿಗೆ ನೀರಿನಂಶ ಹೆಚ್ಚಾಗಬಾರದು. ಉಪ್ಪು ತಿಂದರೆ ನೀರು ಕೇಳುತ್ತದೆ, ಅದಕ್ಕೇ ಉಪ್ಪಿನಕಾಯಿ ಬೇಡ. ಎಳನೀರೂ ನೀರೇ, ಅದಕ್ಕೇ ಬೇಡ. ಎಲ್ಲವೂ ಅವನಿಗೆ ಚೊಕ್ಕವಾಗಿ ಹೊಂದಿಕೊಂಡಿತು. ದಿನಾ ಬೆಳಿಗ್ಗೆ ಬಾಟಲಿ ತುಂಬಿಸಿ ಕಿಟಕಿಯಲ್ಲಿಡುತ್ತಿದ್ದ. ಚಹಾ ಆಗಲಿ, ಸಾರು ಆಗಲಿ, ಮಾತ್ರೆ ನುಂಗುವ ಗುಟುಕಾಗಲಿ, ಎಲ್ಲಕ್ಕೂ ಬಾಟಲಿಯಿಂದಲೇ ಕಳೆಯಬೇಕು.

ನಲವತ್ತು ವರ್ಷ ಹಳ್ಳ ಕೆದರಿ ನೀರು ಕುಡಿಸಿದವನ ಪಾಲಿಗೆ ಈಗ ನೀರು ತಪ್ಪಿಸುವ ಕೆಲಸ ಬಂದಿತ್ತು.

"ಒಂದ್ ಗುಟುಕು ಕೊಡ್ರಿ."

"ಬಾಟ್ಲಿ ನೋಡು."

"ಬಾಟ್ಲಿ ನಿಮ್ಮ ಹೆಣ್ತಿ ಏನು? ಅದನ್ನ ನೋಡ್ಕೋತ ಕುಂದರ್ತೀರಿ, ನನ್ನ ಮಾರಿ ನೋಡಂಗಿಲ್ಲ."

ನಿಜವೇ. ಅವನು ಅವಳ ಮುಖ ನೋಡುತ್ತಿರಲಿಲ್ಲ. ನೋಡಿದರೆ ಕಣ್ಣು ಕಾಣುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಅವಳ ತುಟಿ ಒರೆಸಿ, ಬಟ್ಟೆ ಅವಳ ಹಲ್ಲಿಗೆ ಸಿಗುವ ಮೊದಲೇ ಎಳೆದುಕೊಳ್ಳುತ್ತಿದ್ದ. ಆಮೇಲೆ ಅವನೂ ಒಳಗೆ ಹೋಗಿ ನೀರು ಕುಡಿಯುತ್ತಿರಲಿಲ್ಲ. ಕುಡಿಯಬೇಕೆನಿಸಿದರೆ ಬಸ್ ಸ್ಟ್ಯಾಂಡಿನ ನಲ್ಲಿಗೆ ಹೋಗಿ, ಕದ್ದವನಂತೆ ಕುಡಿದು ಬರುತ್ತಿದ್ದ.

ಆದರೂ ಆ ಮನೆಯಲ್ಲಿ ನಗೆಗೆ ಬರ ಇರಲಿಲ್ಲ. ಸೂಜಿ ಚುಚ್ಚಲಿಕ್ಕೆ ಅನುಕೂಲವಾಗಲೆಂದು ಭರಮಮ್ಮನ ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಕೂಡಿಸಿ ಹೊಲಿದಿದ್ದರು. ಅಲ್ಲಿ ಬೆರಳಿಟ್ಟರೆ ಒಳಗೆ ಗುರ್‌ಗುರ್ ಎಂದು ನಡುಗುವುದು ತಿಳಿಯುತ್ತದೆ. ಅದು ನಿಂತಿತೆಂದರೆ ಕೆಲಸ ಕೆಟ್ಟಿತು, ದಿನಾ ಮುಟ್ಟಿ ನೋಡಬೇಕು ಎಂದು ಶೃತಿ ಹೇಳಿದ್ದಳು. ಟಂಟಂ ಶುರುಮಾಡುವ ಮೊದಲು ಯರ್ರೆಪ್ಪ ಅಲ್ಲಿ ಎರಡು ಬೆರಳಿಟ್ಟು ಕಣ್ಣು ಮುಚ್ಚುತ್ತಿದ್ದ.

"ಗಾಡಿ ನಿಮ್ಮದೊಂದಾ ಅಂತ ಮೆರೀಬ್ಯಾಡ್ರಿ," ಭರಮಮ್ಮ ಅನ್ನುತ್ತಿದ್ದಳು. "ನಂದೂ ಒಂದೈತಿ. ನಂದು ಡೀಸೆಲ್ ಕೇಳಂಗಿಲ್ಲ."

ಹೀಗೆ ಎರಡು ವರ್ಷ ಮೂರು ತಿಂಗಳು ಒಂದು ಪಾಳಿಯೂ ತಪ್ಪಲಿಲ್ಲ. ಮಳೆಯಲ್ಲಿ ಹಳ್ಳ ತುಂಬಿದಾಗ ಸುತ್ತು ಹಾಕಿ ಹೋದ. ಬಂದ್ ಎಂದು ಟೈರು ಸುಟ್ಟು ರಸ್ತೆ ಕಟ್ಟಿದವರ ಮುಂದೆ ಹೆಂಡತಿಯ ಕೈ ಹಿಡಿದು, "ಮುಟ್ಟಿ ನೋಡ್ರಿ" ಎಂದ. ಮುಖಂಡ ಮುಟ್ಟಿ ನೋಡಿ, ಬೆಚ್ಚಿಬಿದ್ದು, ಟೈರು ತಾನೇ ಸರಿಸಿದ. ಯಮನಿಗೂ ಯರ್ರೆಪ್ಪನಿಗೂ ವಾರಕ್ಕೆ ಮೂರು ಸಲ ಓಟದ ಪಂದ್ಯ, ಮೂರೂ ಸಲ ಯಮ ಬಸ್ ಸ್ಟ್ಯಾಂಡಿನಲ್ಲೇ ಉಳಿಯುತ್ತಿದ್ದ.

ಮೇ ತಿಂಗಳು ಬಂತು. ಶುಕ್ರವಾರದ ಪಾಳಿ ಮುಗಿಸಿದವರಿಗೆ ಮುಂದಿನದು ಸೋಮವಾರವೇ. ನಡುವೆ ಶನಿವಾರ, ಭಾನುವಾರ ಎರಡು ಪೂರ್ತಿ ದಿನ. ಆ ಶನಿವಾರ ತಗಡಿನ ಮನೆಯೊಳಗೆ ಕೂತರೆ ಒಲೆಯೊಳಗೆ ಕೂತಂತಿತ್ತು. ಹತ್ತು ಗಂಟೆಗೇ ಬಾಟಲಿ ಅರ್ಧಕ್ಕೆ ಇಳಿದಿತ್ತು. ಆಗ ಬೀರಲಿಂಗೇಶ ಬಂದ. ಹೊಳೆದಂಡೆಯ ಹೊಲಗಳಲ್ಲಿ ಕುರಿ ಬಿಟ್ಟಿದ್ದವನು ಅಕ್ಕನನ್ನು ನೋಡಲೆಂದು ಬೈಕಿನ ಹಿಂದೆ ಎಳನೀರು ಕಟ್ಟಿಕೊಂಡು ಬಂದಿದ್ದ, ನಾಲ್ಕು ಸಣ್ಣ ಕಾಯಿ. ಕಾಯಿಲೆಯವರನ್ನು ನೋಡಲು ಹೋಗುವವರು ನಮ್ಮ ಕಡೆ ಇನ್ನೇನು ಒಯ್ಯುತ್ತಾರೆ? ಜ್ವರ ಬಂದವರಿಗೆ ಎಳನೀರು, ಹೆತ್ತವರಿಗೆ ಎಳನೀರು, ಆಪರೇಷನ್ ಆದವರಿಗೆ ಎಳನೀರು. ಡಾಕ್ಟರ ಮೇಲೆ ನಂಬಿಕೆ ಇಲ್ಲದವರಿಗೂ ಅದರ ಮೇಲೆ ಇದೆ.

ಅವನು ಹೋದ ಮೇಲೆ ಕಾಯಿಗಳು ಮೂಲೆಯಲ್ಲಿ ಹಸಿರಾಗಿ ಕೂತಿದ್ದವು. ಭರಮಮ್ಮ ಅವುಗಳನ್ನೇ ನೋಡುತ್ತಿದ್ದಳು.

"ಎರಡು ವರ್ಷ ಆತಲ್ರಿ, ಅದರ ರುಚಿನಾ ಮರ್ತೀನಿ."

"ಸಿಸ್ಟರವ್ವ ಬ್ಯಾಡ ಅಂದಾಳ."

"ಅಕಿ ಅಂದಿದ್ದು ನೀರಿನ ಸಲುವಾಗಿ. ಬಾಟ್ಲಿನಾಗ ಅಳದು ಕೊಡ್ರಿ. ಎಷ್ಟು ಎಳ್ನೀರು ಹಾಕ್ತೀರಿ, ಅಷ್ಟು ನೀರು ಚೆಲ್ರಿ."

ಯರ್ರೆಪ್ಪ ವಿಚಾರ ಮಾಡಿದ. ಅವನ ಸೂತ್ರದಲ್ಲಿ ಎಲ್ಲಿಯೂ ತೊಡಕು ಕಾಣಲಿಲ್ಲ. ಬಾಟಲಿಯಲ್ಲಿ ಉಳಿದ ನೀರನ್ನು ಕೋಳಿಗಳ ಮಣ್ಣಿನ ತಟ್ಟೆಗೆ ಸುರಿದ. ಕುಡುಗೋಲಿನಿಂದ ಕಾಯಿ ಕೆತ್ತಿ, ಒಂದು ಹನಿ ಆಚೆ ಈಚೆ ಬೀಳದಂತೆ ಬಾಟಲಿಗೆ ಬಗ್ಗಿಸಿ, ಬೆಳಕಿಗೆ ಹಿಡಿದು, ನೀರು ಎಲ್ಲಿತ್ತೋ ಸರಿಯಾಗಿ ಅಲ್ಲಿಗೇ ನಿಲ್ಲಿಸಿದ. ಅವಳು ಕುಡಿಯುವಾಗ ಎರಡು ವರ್ಷದಲ್ಲಿ ಮೊದಲ ಸಲ ಅವಳ ಮುಖವನ್ನು ತಪ್ಪಿಸದೆ ನೋಡಿದ. ಒಳಗಿನ ತಿಳಿಗಂಜಿಯನ್ನೂ ಚಿಪ್ಪಿನಿಂದ ಎಬ್ಬಿಸಿ ಕೊಟ್ಟ. ಶನಿವಾರ ಎರಡು ಕಾಯಿ, ಭಾನುವಾರ ಎರಡು ಕಾಯಿ. ಆ ಎರಡು ದಿನ ಬಾಟಲಿಯ ಗೆರೆ ಒಂದು ಕೂದಲೆಳೆ ದಾಟಲಿಲ್ಲ. ಭಾನುವಾರ ಸಂಜೆ ಅವಳು ತಣ್ಣಗೆ ಕೂತು, ತನ್ನ ಮದುವೆಯಲ್ಲಿ ಯರ್ರೆಪ್ಪ ಬಾಸಿಂಗ ತಿರುವುಮುರುವಾಗಿ ಕಟ್ಟಿಕೊಂಡದ್ದನ್ನು ನೆನೆಸಿಕೊಂಡು ನಕ್ಕಳು.

ಸೋಮವಾರ ಬೆಳಿಗ್ಗೆ ಎದ್ದವಳು, "ಕಾಲಾಗ ಶಕ್ತಿನಾ ಇಲ್ಲದಂಗ ಆಗೈತಿ" ಎಂದಳು. ಯರ್ರೆಪ್ಪ ತೋಳು ಹಿಡಿದು ಗಾಡಿಯವರೆಗೆ ನಡೆಸಿಕೊಂಡು ಬಂದ. ಅವಳು ಕೂತಾಗ ಗಾಡಿ ಕುಸಿದದ್ದನ್ನು ಬೆನ್ನಿನಲ್ಲಿ ಅಳೆದ. ಒಂದೂಕಾಲು, ಎಂದಿನಂತೆ. ನೆಮ್ಮದಿಯಾಯಿತು. ಕೈಯಲ್ಲಿ ಬೆರಳಿಟ್ಟು ನೋಡಿದ, ಗುರ್‌ಗುರ್ ಇತ್ತು. ಅನ್ನದಾನಮ್ಮ ಪಕ್ಕದಲ್ಲಿ ಕೂತರು. ಗುರುಬಸವರಾಜ ಮುಂದೆ ಕೂತರು. ಐದೂ ಇಪ್ಪತ್ತಕ್ಕೆ ಟಂಟಂ ಹೊರಟಿತು.

ಅರ್ಧ ದಾರಿಯಲ್ಲಿ ಭರಮಮ್ಮ, "ನಾಲಿಗಿ ದಪ್ಪ ಆಗೈತಿ" ಎಂದದ್ದು ಅನ್ನದಾನಮ್ಮನವರಿಗೆ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

"ಯರ್ರೆಪ್ಪಾ, ಭರಮವ್ವ ಮಾತಾಡವಲ್ಲಳೋ! ಜೋರಾಗಿ ಹೊಡಿ!"

ಯರ್ರೆಪ್ಪ ಹಿಂತಿರುಗಿ ನೋಡಲಿಲ್ಲ. ನೋಡಿದರೆ ಕೈ ತಪ್ಪುತ್ತಿತ್ತು. ದಿನಾ ಆರೂ ಐದಕ್ಕೆ ಮುಟ್ಟುವ ಗಾಡಿ ಅವತ್ತು ಐದೂ ಐವತ್ತಕ್ಕೇ ಆಸ್ಪತ್ರೆಯ ಬಾಗಿಲಲ್ಲಿ ನಿಂತಿತು. ಹದಿನೈದು ನಿಮಿಷ ಮೊದಲೇ. ಅವಳ ತಲೆ ಅನ್ನದಾನಮ್ಮನವರ ಹೆಗಲ ಮೇಲೆ ಒರಗಿತ್ತು, ಸೆರಗು ಸರಿಯಾಗಿತ್ತು, ಕಣ್ಣು ಅರ್ಧ ತೆರೆದಿತ್ತು. ಓಡಿ ಬಂದ ಶೃತಿ ಮೊದಲು ಮುಟ್ಟಿದ್ದು ಎಡಗೈಯನ್ನು. ಬೆರಳುಗಳನ್ನು ಅಲ್ಲಿ, ಇಲ್ಲಿ, ಇನ್ನೊಂದು ಕಡೆ ಇಟ್ಟು ಹುಡುಕಿದಳು. ಒಳಗೆ ಒಯ್ದರು, ಎದೆ ಒತ್ತಿದರು, ಚುಚ್ಚುಮದ್ದು ಕೊಟ್ಟರು. ಅರ್ಧ ತಾಸಿನ ನಂತರ ಡಾಕ್ಟರು ಹೊರಗೆ ಬಂದರು. ಹರೆಯದವರು, ಬೆವೆತಿದ್ದರು.

"ಎರಡು ದಿನದಲ್ಲಿ ಏನು ತಗೊಂಡರು?"

"ಎಳ್ನೀರು ಕೊಟ್ಟೀನ್ರಿ. ಅಳತಿ ಮಾಡೇ ಕೊಟ್ಟೀನಿ. ಬಾಟ್ಲಿ ದಾಟಿಲ್ರಿ."

ಶೃತಿ ಗೋಡೆಯ ಕಡೆ ತಿರುಗಿ ನಿಂತಳು.

ಡಾಕ್ಟರು ಮೆಲ್ಲಗೆ ಬಿಡಿಸಿ ಹೇಳಿದರು. ಎಳನೀರಿನಲ್ಲಿ ಒಂದು ಥರದ ಲವಣ ಇರುತ್ತದೆ. ನಮ್ಮ ನಿಮ್ಮ ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ, ಇವರದು ಹಾಕುವುದಿಲ್ಲ. ಅದು ರಕ್ತದಲ್ಲಿ ಏರಿದರೆ ಮೊದಲು ಕಾಲಿನ ಶಕ್ತಿ ಹೋಗುತ್ತದೆ, ಆಮೇಲೆ ಹೃದಯ ನಿಲ್ಲುತ್ತದೆ. ಅಳತೆಯ ಮಾತಲ್ಲ ಅದು. ತಕ್ಕಡಿಯಲ್ಲಿ ಕಾಣುವುದೂ ಅಲ್ಲ. ಇವರಿಗೆ ಅದರಿಂದಲೇ ಹೀಗಾಯಿತೆಂದು ನಾನು ಆಣೆ ಮಾಡಿ ಹೇಳಲಾರೆ, ಆದರೆ...

"ತೂಕ ನೋಡ್ರಿ ಬೇಕಾದ್ರ," ಎಂದ ಯರ್ರೆಪ್ಪ. "ಒಂದೂಕಾಲು ಐತಿ. ನೋಡ್ರಿ."

ಯಾರೂ ತೂಕ ನೋಡಲಿಲ್ಲ.

ಗುರುಬಸವರಾಜರೂ ಅನ್ನದಾನಮ್ಮನೂ ಅಳುತ್ತಲೇ ತಮ್ಮ ತಮ್ಮ ಹಾಸಿಗೆಗೆ ಹೋಗಬೇಕಾಯಿತು. ಯಾರು ಸತ್ತರೂ ಮಿಷನ್ನಿಗೆ ರಜೆ ಇಲ್ಲ, ಆ ದಿನ ತಪ್ಪಿದರೆ ಇವರ ಗತಿಯೂ ಅದೇ. ಯರ್ರೆಪ್ಪ ಹೆಂಡತಿಯನ್ನು ಅದೇ ಟಂಟಂನಲ್ಲಿ ಮಲಗಿಸಿಕೊಂಡು, ಜೀವಮಾನದಲ್ಲೇ ಎಂದೂ ಇಲ್ಲದಷ್ಟು ನಿಧಾನವಾಗಿ, ತಂಬ್ರಹಳ್ಳಿಗೆ ಮುಟ್ಟಿಸಿದ. ಬೀರಲಿಂಗೇಶ ಬಂದ. ಅರಸೀಕೆರೆಗೆ ಕೊಟ್ಟಿದ್ದ ಮಗಳು ಸಂಗೀತಾ ಇನ್ನೂ ದಾರಿಯಲ್ಲಿದ್ದಳು. ಬಾಗಿಲಲ್ಲಿ ಹೆಂಗಸರು ಅಳುತ್ತಿದ್ದರು. ಹತ್ತು ಗಂಟೆಗೆ ಯರ್ರೆಪ್ಪ ಎದ್ದು ಕಂಬಳಿ ಹೆಗಲಿಗೆ ಹಾಕಿಕೊಂಡು ಗಾಡಿ ಶುರುಮಾಡಿದ. ಬುದ್ಧಿ ಕೆಟ್ಟಿತೆಂದು ನಾಲ್ಕು ಜನ ಅಡ್ಡ ನಿಂತರು. ಅವನು ಗಾಡಿ ನಿಲ್ಲಿಸಲಿಲ್ಲ, ಅವರೇ ಸರಿದರು.

ಪಾಳಿ ಮುಗಿಸಿ ಗೋಡೆ ಹಿಡಿದು ಹೊರಗೆ ಬಂದ ಅನ್ನದಾನಮ್ಮ ಗೇಟಿನಲ್ಲಿ ಟಂಟಂ ನೋಡಿ ಎದೆ ಬಡಿದುಕೊಂಡರು.

"ಮನ್ಯಾಗ ಹೆಣ ಇಟ್ಗೊಂಡು ಬಂದಿಯಲ್ಲೋ ಯರ್ರೆಪ್ಪಾ! ನಿನಗೇನು ತಲಿ ಐತೋ ಇಲ್ಲೋ?"

"ಮತ್ತ ನೀವು ಹ್ಯಾಂಗ ಬರ್ತೀರಿ?" ಎಂದ. ಮಿಷನ್ನಿನಿಂದ ಎದ್ದವರಿಗೆ ಮೇ ತಿಂಗಳಲ್ಲೂ ಚಳಿ ಹತ್ತುತ್ತದೆ. ಕಂಬಳಿ ಬಿಚ್ಚಿ ಇಬ್ಬರಿಗೂ ಸೇರಿಸಿ ಹೊದಿಸಿದ.  ದಾರಿಯಲ್ಲಿ ಕೈ ಮಾಡಿದವರನ್ನು ಅವನು ಅನ್ನದಾನಮ್ಮನ ಪಕ್ಕದ ಖಾಲಿ ಜಾಗಕ್ಕೆ ಹತ್ತಿಸಿಕೊಂಡ, ಇಳಿಸಿದ, ಚಿಲ್ಲರೆ ಕೊಟ್ಟ. ಸಂಜೆ ನಾಲ್ಕು ಗಂಟೆಗೆ ಭರಮಮ್ಮನ ಮಣ್ಣಾಯಿತು.

ಬುಧವಾರ ಮೂರನೆಯ ದಿನದ ಶಾಸ್ತ್ರ. ಐದೂ ಇಪ್ಪತ್ತಕ್ಕೆ ಟಂಟಂ ಹೊರಟಿತು, ಶಾಸ್ತ್ರ ಮಧ್ಯಾಹ್ನಕ್ಕೆ ಹೋಯಿತು.

ಇಷ್ಟಾದ ಮೇಲೆ ಊರು ಸುಮ್ಮನಿರುತ್ತದೆಯೇ? ಕಟ್ಟೆಯ ಮೇಲಿನ ಪಂಡಿತರು ಒಂದೇ ಸಾವಿಗೆ ಮೂರು ಪುರಾಣ ಕಟ್ಟಿದರು. ಮೊದಲನೆಯದು, ದೇವರಿಗೆ ಬಿಟ್ಟ ಟಗರನ್ನು ಮನೆಯಿಂದ ಹೊರಗೆ ಕಳಿಸಿದ್ದಕ್ಕೆ ದೇವರು ಮುನಿದ. ಇದನ್ನು ಹೇಳುವವರು ದೇವರು ಎರಡು ವರ್ಷ ಮೂರು ತಿಂಗಳು ಯಾಕೆ ಕಾದ ಎಂಬುದನ್ನು ಹೇಳುತ್ತಿರಲಿಲ್ಲ. ಎರಡನೆಯದು, ಎಳನೀರಿನಿಂದ ಯಾರಾದರೂ ಸಾಯುತ್ತಾರೆಯೇ, ಇದೆಲ್ಲ ಡಾಕ್ಟರ ಮಾತು. ಇದನ್ನು ಹೇಳುವವರಲ್ಲಿ ಬೀರಲಿಂಗೇಶನೇ ಮುಂದು. ಪಾಪ, ಅವನು ಬೇರೇನು ಹೇಳಿಯಾನು? ಮೂರನೆಯದನ್ನು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಯರ್ರೆಪ್ಪ ಎರಡು ವರ್ಷ ಓಡಿ ಓಡಿ ಸೋತಿದ್ದ, ಅವಳ ಸಂಕಟವನ್ನೂ ನೋಡಲಾರದಾಗಿದ್ದ, ಬೇಡ ಎಂದದ್ದು ಗೊತ್ತಿದ್ದೇ ಕೊಟ್ಟ. ಈ ಪುರಾಣ ಮಾತ್ರ ಬಾಯಿಯ ಮುಂದೆ ಕೈ ಅಡ್ಡ ಹಿಡಿದುಕೊಂಡು, ಬೇವಿನ ಮರದಿಂದ ಹಿಟ್ಟಿನ ಗಿರಣಿಯವರೆಗೆ, ಅಲ್ಲಿಂದ ಬಟ್ಟೆ ಅಂಗಡಿಯವರೆಗೆ ನಡೆದು ಬಂತು. ಸಂಗೀತಾಳ ಕಿವಿಗೂ ಬಿದ್ದಿರಬೇಕು. ಹನ್ನೊಂದನೆಯ ದಿನ ಮುಗಿಸಿ ಹೊರಟವಳು ಅಪ್ಪನ ಕಾಲು ಮುಟ್ಟಿದಳು, ಮುಖ ನೋಡಲಿಲ್ಲ.

ಯರ್ರೆಪ್ಪನಿಗೆ ಇದೆಲ್ಲ ಗೊತ್ತಿತ್ತು. ತಾನು ಬಂದೊಡನೆ ಮಂದಿ ಮಾತು ನಿಲ್ಲಿಸುವ ಜಾಗಕ್ಕೆ ದಿನಕ್ಕೆ ಹತ್ತು ಸಲ ಗಾಡಿ ತಂದು ನಿಲ್ಲಿಸುವವನಿಗೆ ಗೊತ್ತಾಗದೆ ಇರುತ್ತದೆಯೇ?

ಜೂನಿನ ಒಂದು ಶುಕ್ರವಾರ, ಹಗರಿಬೊಮ್ಮನಹಳ್ಳಿಯಿಂದ ಮರಳುವಾಗ ಗುರುಬಸವರಾಜ ಮುಂದೆ, ಅವನ ಪಕ್ಕದಲ್ಲೇ ಕೂತಿದ್ದರು. ಹಿಂದೆ ಅನ್ನದಾನಮ್ಮ ಬಾಯಿ ತೆರೆದು ನಿದ್ದೆ ಹೋಗಿದ್ದರು. ಗುರುಬಸವರಾಜ ಒಂದು ತಿಂಗಳಿಂದ ನೇಯುತ್ತಿದ್ದ ಮಾತಿನ ಥಾನನ್ನು ಅವತ್ತು ಬಿಚ್ಚಿದರು.

"ನೋಡು ಯರ್ರೆಪ್ಪ, ಊರಾಗ ಮಂದಿ ಮೂರು ಥರ ಮಾತಾಡ್ತಾರ."

"ಹೂಂ."

"ಮೂರೂ ಸುಳ್ಳು. ನಾ ಮಲಕ್ಕೊಂಡಲ್ಲೇ, ಆ ಮಿಷನ್ ಬಾಜುಕ ನಾಲ್ಕು ತಾಸು ವಿಚಾರ ಮಾಡೀನಿ. ನಮಗೇನು ಬ್ಯಾರೆ ಕೆಲಸೈತಿ ಅಲ್ಲಿ? ಕೇಳಿಲ್ಲಿ. ಯಮನ ಕೂಡ ಎರಡು ವರ್ಷ ಕುಸ್ತಿ ಹಿಡದಾವ ನೀನು. ಹಿಂಡು ಬಿಟ್ಟಿ, ಕೋಲು ಬಿಟ್ಟಿ, ಮುದುಕಾಗೋ ಹೊತ್ತಿನ್ಯಾಗ ಗೇರು ಕಲ್ತಿ. ಹೆಣ್ತಿ ಸಲುವಾಗಿ ಗಂಡ ಇಷ್ಟು ಮಾಡಿದ್ದು ಪುರಾಣದಾಗೂ ಇಲ್ಲ, ಹೆಣ್ಮಕ್ಕಳೇ ಮಾಡ್ಯಾರ. ನನಗನಸ್ತೈತಿ, ಆ ದಿನ ನಿನ್ನ ಕೈಯಿಂದ ಕೊಡಿಸಿದ್ದು ನೀನಲ್ಲ. ಅಕಿ ಆತ್ಮ ಬಿಡುಗಡಿ ಬೇಡ್ತು. ನಿನ್ನ ಆತ್ಮಕ್ಕ ಅದು ತಿಳೀತು. ಬುದ್ಧಿಗೆ ತಿಳೀದಿದ್ರೂ ಆತ್ಮಕ್ಕ ತಿಳೀತು. ಅದಕ್ಕ ನೀ ಪಾಪಿ ಅಲ್ಲ, ಯೋಗಿ."

ಯರ್ರೆಪ್ಪ ರಸ್ತೆ ನೋಡುತ್ತಿದ್ದ. ಮುಂದೆ ಯಾರದೋ ಹಿಂಡು ರಸ್ತೆ ದಾಟುತ್ತಿತ್ತು. ಗಾಡಿ ನಿಲ್ಲಿಸಿದ. ಹಾರನ್ನು ಹೊಡೆಯಲಿಲ್ಲ. ಕಡೆಯ ಕುಂಟು ಕುರಿಯೊಂದು ಆಚೆ ಮುಟ್ಟುವವರೆಗೆ ಸುಮ್ಮನೆ ಕೂತಿದ್ದ.

"ನಿಜ ಹೇಳು," ಗುರುಬಸವರಾಜ ಅವನ ಮೊಣಕೈ ಹಿಡಿದರು. ಅವರ ಕಣ್ಣು ತುಂಬಿತ್ತು. ಉತ್ತರ ತನಗೂ ಬೇಕೆಂಬಂತೆ, ತನ್ನ ಪಾಳಿಯೂ ಒಂದು ದಿನ ಬರುವುದೆಂಬಂತೆ ಕೇಳಿದರು. "ಆ ಕಾಯಿ ಕೆತ್ತುವಾಗ, ಆ ಬಾಟ್ಲಿ ಅಕಿ ಕೈಗೆ ಕೊಡುವಾಗ, ನಿನ್ನ ಮನಸಿನ್ಯಾಗ ಏನಿತ್ತು?"

ಯರ್ರೆಪ್ಪ ಗೇರು ಹಾಕಿದ.

"ಏನೂ ಇರ್ಲಿಲ್ರಿ ಸಾವ್ಕಾರ್ರ. ಅಕಿಗೆ ನೀರಡಿಕಿ ಆಗಿತ್ತು. ಕೇಳಿದ್ಲು. ಕೊಟ್ಟೆ."